ಬಾಯಿಮಾತಿಗೆ ಕರೆದದ್ದು

"ನೀವೂ ಬನ್ನಿ ಅಕ್ಕ" ಎಂದು ಜಗದಾಂಬಾ ಫೋನಿನಲ್ಲಿ ಹೇಳಿ ಬಾಯಿ ಮುಚ್ಚಿರಲಿಲ್ಲ, ಮಲ್ಲತ್ತಹಳ್ಳಿಯಿಂದ ಉತ್ತರ ಬಂದುಬಿಟ್ಟಿತು.

"ಬರದೆ ಇರ್ತೀನೇನೇ? ನೀನು ಇಷ್ಟು ಪ್ರೀತಿಯಿಂದ ಕರೀತಿರುವಾಗ! ನಮ್ ರಮ್ಯನ್ನೂ ಅಳಿಯಂದಿರನ್ನೂ ಹೊರಡಿಸ್ತೀನಿ. ಚಕ್ಲಿಗೆ ಎಷ್ಟು ಹಿಟ್ಟು ಮಾಡಿಸ್ಲಿ, ಅದನ್ ಹೇಳು."

ಜಗದಾಂಬಾ ಫೋನು ಇಟ್ಟು ಹಣೆ ಚಚ್ಚಿಕೊಂಡಳು. ಅಲ್ಲ, ಉಣ್ಣುವ ಹೊತ್ತಿಗೆ ಯಾರಾದರೂ ಬಾಗಿಲಿಗೆ ಬಂದರೆ ಬನ್ನಿ ಊಟ ಮಾಡಿ ಎನ್ನುವುದಿಲ್ಲವೇ? ಅವರು ಈಗ ತಾನೇ ಆಯ್ತು, ನಿಮ್ಮದಾಗಲಿ ಎನ್ನುವುದಿಲ್ಲವೇ? ಊರಿಗೆ ಹೊರಟವರು ನೆಂಟರಿಗೆ ಒಂದು ಮಾತು ತಿಳಿಸಬೇಕು, ತಿಳಿಸುವಾಗ ನೀವೂ ಬನ್ನಿ ಎನ್ನಬೇಕು, ಅವರು ಮಂಡಿನೋವೋ ಮೊಮ್ಮಗನ ಪರೀಕ್ಷೆಯೋ ಏನೋ ಒಂದು ಹೇಳಿ ಜಾರಿಕೊಳ್ಳಬೇಕು. ಪದ್ಧತಿ ಇರುವುದೇ ಹಾಗೆ. ಗಂಡನ ಅಣ್ಣನ ಹೆಂಡತಿ ವೆಂಕಟಲಕ್ಷ್ಮಮ್ಮನಿಗೆ, ಅಷ್ಟು ವಯಸ್ಸಾದವರಿಗೆ, ಇಷ್ಟೂ ಗೊತ್ತಾಗಬಾರದೇ?

ಹೊರಟಿದ್ದದ್ದು ಅಂಡಮಾನಿನ ಒಂದು ಪುಟ್ಟ ದ್ವೀಪಕ್ಕೆ. ಮಗಳು ಅಪೂರ್ವ ಮೊಬೈಲಿನಲ್ಲಿ ತೋರಿಸಿದ್ದಳು. ತೆಂಗಿನ ಮರ, ಬಿಳಿ ಮರಳು, ಅದರಾಚೆ ನೀರು. ಒಂದು ನರಪಿಳ್ಳೆ ಇಲ್ಲ. "ಅಲೆ ಸದ್ದು ಬಿಟ್ರೆ ಅಲ್ಲಿ ಏನೂ ಕೇಳಲ್ಲಮ್ಮ. ಬೋಟು, ರೂಮು ಎಲ್ಲ ನಾನ್ ನೋಡ್ಕೊತೀನಿ. ನೀನೂ ಅಪ್ಪನೂ ಇಬ್ರೇ ಹೋಗ್ಬನ್ನಿ" ಎಂದಿದ್ದಳು.

ಇಬ್ಬರೇ! ವಿಜಯನಗರದ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಜಗದಾಂಬಾಳಿಗೆ ಆ ಮಾತಿನ ರುಚಿಯೇ ಗೊತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಧರ್ಮಸ್ಥಳಕ್ಕೆ ಹೋದಾಗಲೂ ಛತ್ರದ ಕೋಣೆಯಲ್ಲಿ ಗಂಡ ಹೆಂಡತಿಯ ನಡುವೆ ಅತ್ತೆ ಮಲಗಿ ಬೆಳಗಿನವರೆಗೂ ಗೊರಕೆ ಹೊಡೆದಿದ್ದರು. ಆಮೇಲೆ ನಾದಿನಿಯರ ಮದುವೆ, ಬಾಣಂತನ, ಅತ್ತೆಯ ಕಾಯಿಲೆ. ಎಲ್ಲ ಮುಗಿದು, ಅತ್ತೆಯೂ ತೀರಿಕೊಂಡು, ಈಗ ಮನೆ ಖಾಲಿಯಾಗಿತ್ತು. ಗಂಡನ ಪಕ್ಕದಲ್ಲಿ ನಾಲ್ಕು ದಿನ ಸುಮ್ಮನೆ ಕೂತಿರಬೇಕು ಎನ್ನುವ ಆಸೆ ಅವಳಿಗೆ ಹುಚ್ಚಿನ ಹಾಗೆ ಹಿಡಿದುಕೊಂಡಿತ್ತು.

ಆ ಗಂಡನೋ, ದೇವರಿಗೇ ಪ್ರೀತಿ! ಅತ್ತಿಗೆ ಬರುವ ಸುದ್ದಿ ಕೇಳಿ ಅಂಜಿನಯ್ಯ ಟೀವಿಯಿಂದ ಕಣ್ಣು ಕೀಳದೆ, "ಬರ್ಲಿ ಬಿಡೇ. ನಾವಿಬ್ರೇ ಹೋಗಿ ಅಲ್ಲೇನ್ ಮಾಡೋದು?" ಎಂದ.

ಜಗದಾಂಬಾಳಿಗೆ ಅಳು ಬಂತು. ಅಡಿಗೆಮನೆಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆದಳು.

ಭಾನುವಾರ ವೆಂಕಟಲಕ್ಷ್ಮಮ್ಮ ಖುದ್ದಾಗಿ ಬಂದಿಳಿದರು. ಚೀಲದಲ್ಲಿ ಚಟ್ನಿಪುಡಿ, ಉಪ್ಪಿನಕಾಯಿ, ರಾಗಿಹಿಟ್ಟು. "ಅಲ್ಲಿ ಅಂಗಡಿ ಮುಂಗಟ್ಟು ಇಲ್ವಂತಲ್ಲ, ಅದಕ್ಕೆ ಈಗ್ಲೇ ಎತ್ತಿಡ್ತಿದೀನಿ. ನಾಗರಬಾವಿ ಬೀಗರೂ ಬರ್ತಾರಂತೆ ಕಣೇ. ಇನ್ನೊಂದ್ ಮೂರು ಜನ ಸೇರಿದ್ರೆ ಟಿಟಿ ಗಾಡಿ ಫುಲ್ ಆಗುತ್ತೆ."

"ದ್ವೀಪಕ್ಕೆ ಟಿಟಿ ಹೋಗಲ್ಲ ಅಕ್ಕ."

"ಏರ್‌ಪೋರ್ಟ್‌ತನಕ ಹೋಗುತ್ತಲ್ಲ! ಅದೇನ್ ಹತ್ರಾನಾ?" ವೆಂಕಟಲಕ್ಷ್ಮಮ್ಮ ನಕ್ಕು ಕಾಲು ಚಾಚಿಕೊಂಡರು. "ರೂಮೂ ಜಾಸ್ತಿ ಬೇಡ. ಹೆಂಗಸ್ರೆಲ್ಲ ಒಂದ್ಕಡೆ, ಗಂಡಸ್ರೆಲ್ಲ ಒಂದ್ಕಡೆ ಮಲ್ಕೊಂಡ್ರಾಯ್ತು."

ಆ ಮಾತು ಕೇಳಿದ್ದೇ ತಡ, ಜಗದಾಂಬಾಳ ನಾಲಿಗೆ ಅವಳ ಹಿಡಿತ ತಪ್ಪಿತು.

"ಅಕ್ಕ, ನೀವು ಬರ್ಬೇಡಿ. ಯಾರೂ ಬರೋದ್ ಬೇಡ. ನಾನು ಬಾಯಿಮಾತಿಗೆ ಕರೆದಿದ್ದು. ನಂಗೆ ಇವರ ಜೊತೆ ಇಬ್ರೇ ಹೋಗ್ಬೇಕು."

ಟೀವಿಯ ಸದ್ದು ನಿಂತಿತು. ರಿಮೋಟು ಹಿಡಿದ ಅಂಜಿನಯ್ಯ ನೆಲ ನೋಡುತ್ತಿದ್ದ. ಅವನ ಕಿವಿ ಕೆಂಪಾಗಿತ್ತು.

ವೆಂಕಟಲಕ್ಷ್ಮಮ್ಮನ ಮುಖ ಸಣ್ಣದಾಯಿತು. "ಹಂಗಾದ್ರೆ ಕರೀಬಾರ್ದಿತ್ತು ಕಣೇ. ಮಕ್ಕಳಿಗೆಲ್ಲ ಹೇಳ್ಕೊಂಡ್ ಬಂದಿದೀನಿ."

"ತಪ್ಪಾಯ್ತು ಅಕ್ಕ."

ತಪ್ಪಾಯ್ತು ಎಂದಳೇ ಹೊರತು ಹೋಗಲಿ ಬನ್ನಿ ಎನ್ನಲಿಲ್ಲ. ಈಗ ಒಂದು ಸಲ ಮೆತ್ತಗಾದರೆ ಮುಗಿಯಿತು, ಮತ್ತೆ ಈ ಜನ್ಮದಲ್ಲಿ ಇಲ್ಲ.

ವೆಂಕಟಲಕ್ಷ್ಮಮ್ಮ ಕಾಫಿಯನ್ನೂ ಮುಟ್ಟದೆ ಎದ್ದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ಮೈದುನನ ಕಡೆ ತಿರುಗಿದರು.

"ನಿಮ್ಮಣ್ಣ ಹೋದ್ಮೇಲೆ ಎಷ್ಟೋ ಸಲ ಯೋಚ್ನೆ ಮಾಡಿದೀನಿ ಕಣಪ್ಪ, ನಾವಿಬ್ರೇ ಕೂತು ಒಂದ್ ತುತ್ತು ತಿಂದಿದ್ದು ಯಾವತ್ತು ಅಂತ. ಒಂದಿನಾನೂ ನೆನಪಿಗ್ ಬರಲ್ಲ. ಇವಳಷ್ಟು ಬಾಯಿ ನಂಗಿರ್ಲಿಲ್ಲ."

ಅಂಜಿನಯ್ಯ ಚೀಲ ಎತ್ತಿಕೊಂಡು ಅತ್ತಿಗೆಯ ಹಿಂದೆ ಬಸ್‌ಸ್ಟಾಪಿಗೆ ಹೋದ.

ಅವನು ಹಿಂದಿರುಗಿದಾಗ ಜಗದಾಂಬಾ ಮುದ್ದೆ ಕಟ್ಟುತ್ತಿದ್ದಳು. ಏನನ್ನುತ್ತಾನೋ ಎಂದು ತಲೆ ಎತ್ತಲಿಲ್ಲ. ಆ ಮನೆಯಲ್ಲಿ ಗಂಡಸರು ಉಂಡೆದ್ದ ಮೇಲೆ ಹೆಂಗಸರು ಕೂರುವುದು ಅತ್ತೆಯ ಕಾಲದ ರೂಢಿ; ಅತ್ತೆ ಹೋದರೂ ಅದು ಹೋಗಿರಲಿಲ್ಲ. ಅವಳು ಸಾರಿನ ಪಾತ್ರೆ ಹಿಡಿದು ಹೊರಗೆ ಬಂದಾಗ ಅಂಜಿನಯ್ಯ ಎರಡು ತಟ್ಟೆ ಇಟ್ಟುಕೊಂಡು ಕೂತಿದ್ದ.

ಅವಳು ಕೂತಳು. ಬಡಿಸಿ ಅಭ್ಯಾಸವಿಲ್ಲದ ಅಂಜಿನಯ್ಯ ಇದ್ದುದರಲ್ಲಿ ದೊಡ್ಡ ಮುದ್ದೆಯನ್ನೇ ಎತ್ತಿ ಅವಳ ತಟ್ಟೆಗೆ ಹಾಕಿದ. ಅವಳ ಊಟಕ್ಕೆ ಅದು ಎರಡು ಪಾಲಾಗುತ್ತಿತ್ತು. ಜಗದಾಂಬಾ ಅದನ್ನು ಮುರಿದು ಹಿಂದಕ್ಕೆ ಹಾಕಲಿಲ್ಲ.