ಇಪ್ಪತ್ತನಾಲ್ಕನೆಯ ಗಂಟೆಯ ಚುಕ್ಕಿಗಳು

ಆ ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಚುಕ್ಕಿ ಅಕ್ಕ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷದಿಂದ ಅವಳ ಕೆಲಸ ಒಂದೇ. ಕತ್ತಲೆ ಕೋಣೆಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತು ಜೀವಕೋಶಗಳ ಒಳಗಿನ ಹಸಿರು ಚುಕ್ಕಿಗಳನ್ನು ಎಣಿಸುವುದು. ಇದೂ ಒಂದು ಕೆಲಸವೇ ಎಂದು ಮೂಗು ಮುರಿಯುವವರು ಆ ಕುರ್ಚಿಯಲ್ಲಿ ಒಂದೇ ಒಂದು ಮಧ್ಯಾಹ್ನ ಕೂತು ನೋಡಲಿ, ಆಮೇಲೆ ಮಾತಾಡೋಣ.

ಯಾಕೆಂದರೆ ಅಲ್ಲಿ ಕಾಣುವುದು ಸಾಮಾನ್ಯ ಸಂಗತಿಯಲ್ಲ. ನಮ್ಮ ಒಂದೊಂದು ಕೋಶದ ನಡುವೆ, ಬರಿಗಣ್ಣಿಗೆ ಕಾಣದಷ್ಟು ಚಿಕ್ಕ ಕಾಳಿನೊಳಗೆ, ಎರಡು ಮೀಟರ್ ಉದ್ದದ ಡಿಎನ್ಎ ದಾರವಿದೆ. ಎರಡು ಮೀಟರ್, ಸ್ವಾಮಿ! ನಿಮ್ಮ ತಲೆಗಿಂತ ಎತ್ತರ. ಆ ದಾರ ಪುಟ್ಟ ಪುಟ್ಟ ಪ್ರೊಟೀನ್ ಉಂಡೆಗಳಿಗೆ ಸುತ್ತಿಕೊಂಡು, ಆ ಸುತ್ತುಗಳೆಲ್ಲ ಮತ್ತೆ ಮಡಿಚಿಕೊಂಡು, ಒಂದೂ ಗೋಜಲಾಗದೆ ಕೂತಿರುತ್ತದೆ. ಈ ಸುತ್ತಿಟ್ಟ ಗಂಟಿಗೇ ಕ್ರೊಮ್ಯಾಟಿನ್ ಎನ್ನುವುದು. ವಿಕಿರಣ ತಾಗಿದರೆ ದಾರ ಅಲ್ಲಲ್ಲಿ ಕಡಿಯುತ್ತದೆ. ಕಡಿದ ಕೂಡಲೇ ಅಕ್ಕಪಕ್ಕದ ಸಾವಿರಾರು ಉಂಡೆಗಳು ತಮ್ಮ ಮೇಲೊಂದು ಗುರುತು ಹಾಕಿಕೊಳ್ಳುತ್ತವೆ, ಇಲ್ಲಿ ಕಡಿದಿದೆ, ಬೇಗ ಬನ್ನಿ ಎಂದು ಕೂಗಿದ ಹಾಗೆ. ಆ ಗುರುತಿಗೆ ಬಣ್ಣ ಹಚ್ಚಿದರೆ ಅದೇ ಹಸಿರು ಚುಕ್ಕಿ. ರಿಪೇರಿ ಮುಗಿದ ಮೇಲೆ ಚುಕ್ಕಿ ಅಳಿಯುತ್ತದೆ. ವಿಕಿರಣ ತಾಗಿದ ಅರ್ಧ ಗಂಟೆಗೆ ಹದಿನೆಂಟು ಚುಕ್ಕಿ ಇದ್ದ ಕೋಶದಲ್ಲಿ ಮಾರನೆಯ ದಿನ ಅದೇ ಹೊತ್ತಿಗೆ ಒಂದೋ ಸೊನ್ನೆಯೋ ಉಳಿದಿರುತ್ತದೆ. ಹತ್ತೊಂಬತ್ತು ವರ್ಷ ನೋಡಿದರೂ ಚುಕ್ಕಿ ಅಕ್ಕನಿಗೆ ಇದು ಹಳತಾಗಿರಲಿಲ್ಲ.

ಆದರೆ ಆ ಗುರುವಾರ ಅವಳ ಜೀವದಲ್ಲಿ ಜೀವವಿರಲಿಲ್ಲ. ಪರೀಕ್ಷೆಗೆ ಬಂದಿದ್ದುದು ಅವಳ ಸ್ವಂತ ತಂಗಿಯ ರಕ್ತ.

ತಂಗಿ ಬಸ್ ಕಂಡಕ್ಟರ್. ಬಾಯಿ ತೆರೆದರೆ ಹಿಂದಿನ ಸೀಟಿನವರೆಗೂ ಕೇಳಬೇಕು, ಅಂಥ ಗಂಟಲು. ಎರಡು ತಿಂಗಳ ಹಿಂದೆ ಎಡ ಎದೆಯಲ್ಲಿ ಕ್ಯಾನ್ಸರ್ ಗಂಟು ಸಿಕ್ಕಿ ಆಪರೇಷನ್ ಆಗಿತ್ತು. ಇನ್ನು ಸೋಮವಾರದಿಂದ ದಿನಕ್ಕೊಂದರಂತೆ ಐದು ವಾರ ವಿಕಿರಣ ಕೊಡಬೇಕು. ಪೂರ್ತಿ ಡೋಸ್ ಕೊಟ್ಟರೆ ರೋಗ ಮತ್ತೆ ತಲೆ ಎತ್ತದಿರುವ ಭರವಸೆ ಚೆನ್ನಾಗಿದೆ ಎಂದಿದ್ದರು ಡಾಕ್ಟರು. ಆದರೆ ಇವರಿಬ್ಬರ ತಾಯಿಗೆ ಇದೇ ಚಿಕಿತ್ಸೆ ಮುಳುವಾಗಿತ್ತು. ಇಪ್ಪತ್ತಾರು ವರ್ಷದ ಹಿಂದೆ, ಎಲ್ಲರಿಗೂ ಕೊಡುವಷ್ಟೇ ಡೋಸ್ ಕೊಟ್ಟರೂ ಅವರ ಚರ್ಮ ಬೆಂದು, ಶ್ವಾಸಕೋಶ ಗಟ್ಟಿಯಾಗಿ, ರೋಗಕ್ಕಿಂತ ಮೊದಲೇ ಔಷಧಿ ಅವರನ್ನು ಕೊಂಡೊಯ್ದಿತ್ತು. ಕಡಿದ ದಾರ ಕೂಡಿಸುವ ಶಕ್ತಿ ಕೆಲವರಿಗೆ ಹುಟ್ಟಿನಿಂದಲೇ ಕಡಿಮೆ. ತಾಯಿಯದು ತಂಗಿಗೂ ಬಂದಿದ್ದರೆ ಪೂರ್ತಿ ಡೋಸ್ ಕೊಡುವಂತಿಲ್ಲ, ಕಡಿಮೆ ಮಾಡಿದರೆ ರೋಗ ಬಿಡುವುದಿಲ್ಲ. ಅದಕ್ಕೇ ಈ ಪರೀಕ್ಷೆ.

"ಚುಚ್ಚಮ್ಮ ಚುಚ್ಚು," ಎಂದು ತಂಗಿ ಅಕ್ಕನ ಮುಂದೆ ತೋಳು ಚಾಚಿ, ಸುತ್ತಲಿದ್ದವರಿಗೆಲ್ಲ ಕೇಳುವಂತೆ ಹೇಳಿದಳು. "ನಮ್ಮಕ್ಕ ಎಣಿಸ್ತಾಳೆ ಅಂದ್ರೆ ಒಂದೂ ತಪ್ಪಲ್ಲ. ಚಿಕ್ಕವಳಿದ್ದಾಗ ನಾನು ಡಬ್ಬಿಯಿಂದ ಎಷ್ಟು ಬೆಲ್ಲ ಕದ್ದೆ ಅಂತ ಲೆಕ್ಕ ಇಟ್ಟಿದ್ದವಳು ಇವಳು."

"ಬಾಯಿ ಮುಚ್ಚೇ ಸ್ವಲ್ಪ," ಎಂದಳು ಅಕ್ಕ. ಅವಳು ಸೂಜಿ ಚುಚ್ಚಿ ರಕ್ತ ತೆಗೆದಳು.

ರೋಗಿಯ ರಕ್ತದ ಜೊತೆಗೆ ಆರೋಗ್ಯವಂತರೊಬ್ಬರ ರಕ್ತವನ್ನೂ ಇಡುವುದು ಅಲ್ಲಿನ ಪದ್ಧತಿ, ಹೋಲಿಸಿ ನೋಡುವುದಕ್ಕೆ. ಯಾವಾಗಲೂ ಕೊಡುತ್ತಿದ್ದ ವ್ಯಾನ್ ಡ್ರೈವರ್‌ಗೆ ಅವತ್ತು ನೆಗಡಿ ಜ್ವರ. ಸೋಮವಾರ ಹತ್ತಿರವಿತ್ತು, ಕಾಯುವಂತಿರಲಿಲ್ಲ. ಚುಕ್ಕಿ ಅಕ್ಕ ತನ್ನದೇ ತೋಳು ಚಾಚಿದಳು. ಲ್ಯಾಬಿನ ಮುಖ್ಯಸ್ಥೆ, ಎಲ್ಲರ ಪಾಲಿನ ಮೇಡಂ, ತಾವೇ ರಕ್ತ ತೆಗೆದರು.

"ಎಣಿಸೋದು ಬೇರೆಯವರು ಮಾಡ್ಲಿ. ನಿಮಗೆ ಕಷ್ಟ ಆಗುತ್ತೆ," ಎಂದರು.

"ಇಲ್ಲ ಮೇಡಂ. ಬೇರೆಯವರೂ ಎಣಿಸ್ಲಿ, ನಾನೂ ಎಣಿಸ್ತೀನಿ. ಮನೇಲಿ ಕೂತ್ರೆ ನಂಗೆ ಹುಚ್ಚು ಹಿಡಿಯುತ್ತೆ."

ಮೇಡಂ ಒಪ್ಪಿದರು. ಎರಡೂ ರಕ್ತಕ್ಕೆ ಒಂದೇ ಪ್ರಮಾಣದ ವಿಕಿರಣ ತಾಗಿಸಿ, ಮೈಯಷ್ಟೇ ಬಿಸಿಯಿರುವ ಪೆಟ್ಟಿಗೆಯಲ್ಲಿಟ್ಟರು. ಯಾವುದು ಯಾರದೆಂದು ಎಣಿಸುವವರಿಗೆ ಗೊತ್ತಾಗಬಾರದು. ಆದ್ದರಿಂದ ಒಂದಕ್ಕೆ ನಲವತ್ತೊಂದು, ಇನ್ನೊಂದಕ್ಕೆ ನಲವತ್ತೆರಡು ಎಂದು ಸಂಖ್ಯೆ ಕೊಟ್ಟು, ಹೆಸರಿನ ಚೀಟಿಯನ್ನು ಲಕೋಟೆಯಲ್ಲಿ ಹಾಕಿ ಅಂಟಿಸಿ ಬೀರುವಿಗೆ ಬೀಗ ಹಾಕಿದರು.

ಅರ್ಧ ಗಂಟೆಯಾದ ಮೇಲೆ ಕೋಶಗಳನ್ನು ಹರಡಿ ಬಣ್ಣ ಹಚ್ಚಿದ ಗಾಜುಗಳಲ್ಲಿ ವ್ಯತ್ಯಾಸವಿರಲಿಲ್ಲ. ಕೋಶಕ್ಕೆ ಸರಾಸರಿ ನಲವತ್ತೊಂದರಲ್ಲಿ ಹದಿನೆಂಟು, ನಲವತ್ತೆರಡರಲ್ಲಿ ಹತ್ತೊಂಬತ್ತು. ಅದು ನಿರೀಕ್ಷಿಸಿದ್ದೇ. ಕಡಿಯುವುದು ಎಲ್ಲರಿಗೂ ಸಮ, ಕೂಡುವುದರಲ್ಲಿ ತಾನೇ ಇರುವುದು ಸಂಗತಿ.

ಶುಕ್ರವಾರ ಮಧ್ಯಾಹ್ನ ಇಪ್ಪತ್ತನಾಲ್ಕನೆಯ ಗಂಟೆಯ ಗಾಜುಗಳು ಬಣ್ಣ ಹಚ್ಚಿಸಿಕೊಂಡು ಬಂದವು. ಚುಕ್ಕಿ ಅಕ್ಕ ಕತ್ತಲೆ ಕೋಣೆಯ ಬಾಗಿಲು ಹಾಕಿ ನಲವತ್ತೊಂದನ್ನು ಇಟ್ಟಳು. ದಾರಕ್ಕೆ ಹಚ್ಚಿದ ಬಣ್ಣದಿಂದ ನೀಲಿ ನೀಲಿಯಾದ ಕೋಶಗಳು. ಸೊನ್ನೆ. ಒಂದು. ಸೊನ್ನೆ. ಸೊನ್ನೆ. ಒಂದು. ಎಷ್ಟು ಚೊಕ್ಕವಾಗಿ ಕೂಡಿಸಿಟ್ಟಿದ್ದವು! ಎರಡು ಮೀಟರ್ ದಾರದಲ್ಲಿ ಹದಿನೆಂಟು ಕಡೆ ತುಂಡಾದದ್ದನ್ನು ಹುಡುಕಿ, ತುದಿಗೆ ತುದಿ ಜೋಡಿಸಿ, ಸುತ್ತನ್ನು ಮೊದಲಿನಂತೆ ಸುತ್ತಿಟ್ಟು, ಏನೂ ಆಗೇ ಇಲ್ಲವೆಂಬಂತೆ ಕೂತಿದ್ದವು.

ಆಮೇಲೆ ನಲವತ್ತೆರಡನ್ನು ಇಟ್ಟಳು. ಮೊದಲ ಕೋಶದಲ್ಲೇ ಆರು. ಪಕ್ಕದ್ದರಲ್ಲಿ ಏಳು. ಅದರ ಮುಂದಿನದರಲ್ಲಿ ಐದು. ಇದು ತಂಗಿಯದೇ ಎಂದುಕೊಂಡಳು.

ಅವಳ ಕೈಯಲ್ಲಿ ಒತ್ತಿದರೆ ಟಿಕ್ ಎನ್ನುವ ಎಣಿಕೆಯ ಪುಟ್ಟ ಯಂತ್ರವಿತ್ತು. ಇನ್ನೂರು ಕೋಶ ಎಣಿಸಬೇಕು. ಮೂವತ್ತನೆಯದರ ಹೊತ್ತಿಗೆ ಹೆಬ್ಬೆರಳು ನಿಂತುಬಿಟ್ಟಿತು. ಪಾಪಿ ಮನಸ್ಸು ಏನೆಂದಿತು ಗೊತ್ತೇ? ಅಂಟಿಕೊಂಡಂತಿರುವ ಎರಡನ್ನು ಒಂದೆಂದು ಎಣಿಸು, ಮಸುಕಾಗಿರುವುದನ್ನು ಬಿಟ್ಟುಬಿಡು, ತಂಗಿಗೆ ಪೂರ್ತಿ ಡೋಸ್ ಸಿಗುತ್ತದೆ. ಮರುಕ್ಷಣವೇ ತಾಯಿಯ ಬೆಂದ ಎದೆ, ಬಟ್ಟೆ ತಾಗಿದರೂ ಚೀರುತ್ತಿದ್ದ ಆ ಜೀವ ಕಣ್ಣ ಮುಂದೆ ಬಂತು. ಅವಳು ಕಣ್ಣೊರೆಸಿಕೊಂಡು ಮೊದಲಿನಿಂದ ಎಣಿಸಿದಳು. ಒಂದನ್ನೂ ಬಿಡಲಿಲ್ಲ. ಸರಾಸರಿ ಆರು.

ಸಂಜೆ ತಂಗಿಯ ಮನೆಗೆ ಹೋದಾಗ ಅವಳು ನೆಲದ ಮೇಲೆ ಕೂತು ತನ್ನ ಸಮವಸ್ತ್ರದ ಗುಂಡಿ ಹೊಲಿಯುತ್ತಿದ್ದಳು.

"ಏನಕ್ಕಾ, ಮುಖ ಹರಳೆಣ್ಣೆ ಕುಡಿದ ಹಾಗಿದೆ?"

"ತಲೆನೋವು ಕಣೇ."

"ನಾನು ಫೇಲಾ ಪಾಸಾ, ಅಷ್ಟು ಹೇಳು."

"ಯಾವುದು ಯಾರದು ಅಂತ ನಂಗೆ ಗೊತ್ತಿರಲ್ಲ ಅಂತ ಎಷ್ಟು ಸಲ ಹೇಳ್ಬೇಕು ನಿಂಗೆ!" ಎಂದು ಅಕ್ಕ ಸಿಡುಕಿದಳು. ಗೊತ್ತಿರಲಿಲ್ಲವೆನ್ನುವುದು ನಿಜವೇ. ಆದರೆ ಇನ್ನೇನು ಗೊತ್ತಾಗಬೇಕಿತ್ತು? ಎರಡರಲ್ಲಿ ಒಂದು ರೋಗಿಯದು, ಒಂದು ಆರೋಗ್ಯವಂತರದು. ತಂಗಿ ಸೂಜಿ ಕೆಳಗಿಟ್ಟು ಅಕ್ಕನ ಮಡಿಲಲ್ಲಿ ತಲೆಯಿಟ್ಟಳು. ಆ ದೊಡ್ಡ ಗಂಟಲಿನಿಂದ ಒಂದು ಸಣ್ಣ ದನಿ ಬಂತು.

"ನಂಗೆ ಭಯ ಆಗ್ತಿದೆ ಅಕ್ಕಾ."

ಅಕ್ಕ ಅವಳ ಕೂದಲು ಸವರುತ್ತ ಕೂತಳು. ದೇವರೇ, ಅಮ್ಮನದು ಬರಲೇಬೇಕಿದ್ದರೆ ನನಗೆ ಬರಬಾರದಿತ್ತೇ ಎಂದು ಒಳಗೊಳಗೇ ಅತ್ತಳು.

ಶನಿವಾರ ಮಧ್ಯಾಹ್ನ ಮೇಡಂ ಎಣಿಕೆಯ ಹಾಳೆಗಳನ್ನೆಲ್ಲ ಮೇಜಿನ ಮೇಲೆ ಹರಡಿದರು. ಬೇರೊಬ್ಬರು ಮಾಡಿದ ಎರಡನೆಯ ಎಣಿಕೆಯೂ ಅಷ್ಟೇ ಬಂದಿತ್ತು, ಸರಾಸರಿ ನಲವತ್ತೊಂದಕ್ಕೆ ಅರ್ಧ, ನಲವತ್ತೆರಡಕ್ಕೆ ಆರು. ಲಕೋಟೆ ಹರಿದರು. ಚೀಟಿ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

"ನಲವತ್ತೊಂದು ನಿಮ್ಮ ತಂಗೀದು."

"ನಲವತ್ತೊಂದಾ?"

"ಹೌದು."

"ಮೇಡಂ, ಇನ್ನೊಂದ್ಸಲ ಹೇಳಿ."

"ನಲವತ್ತೊಂದು ತಂಗೀದು. ಚೆನ್ನಾಗಿದೆ. ಈ ಪರೀಕ್ಷೆ ಮಟ್ಟಿಗೆ ಪೂರ್ತಿ ಡೋಸ್‌ಗೆ ಏನೂ ಅಡ್ಡಿ ಇಲ್ಲ. ಆದರೆ ನಲವತ್ತೆರಡು..."

ಚುಕ್ಕಿ ಅಕ್ಕ ಮುಂದಿನದನ್ನು ಕೇಳಿಸಿಕೊಳ್ಳಲೇ ಇಲ್ಲ. ಕುರ್ಚಿಯಿಂದೆದ್ದು ಗೋಡೆಗೆ ಒರಗಿ ಗಟ್ಟಿಯಾಗಿ ನಕ್ಕಳು, ಕಣ್ಣಲ್ಲಿ ನೀರು ಧಾರಾಕಾರ. "ನಂದಾ! ನಂದು ಮೇಡಂ, ನಂದು! ಸದ್ಯ!" ಐವತ್ತೆರಡು ವರ್ಷದ ಹೆಂಗಸು ತನ್ನ ರಕ್ತದಲ್ಲಿ ದೋಷವಿದೆಯೆಂದು ತಿಳಿದು ಹೀಗೆ ಸಂಭ್ರಮಿಸಿದ್ದನ್ನು ಮೇಡಂ ತಮ್ಮ ಜೀವಮಾನದಲ್ಲಿ ನೋಡಿರಲಿಲ್ಲ.

ಆಮೇಲೆ ಮೇಡಂ, ರಕ್ತ ತೆಗೆಯುವ ಮೊದಲು ತುಂಬಿದ್ದ ಎರಡು ಅರ್ಜಿಗಳನ್ನು ಪಕ್ಕಪಕ್ಕದಲ್ಲಿಟ್ಟರು. ಎರಡನ್ನೂ ತುಂಬಿದ್ದು ಅಕ್ಕನ ಕೈಯೇ. ಮನೆಯಲ್ಲಿ ಯಾರಿಗಾದರೂ ವಿಕಿರಣದಿಂದ ತೀವ್ರ ತೊಂದರೆ ಆಗಿತ್ತೇ ಎಂಬ ಪ್ರಶ್ನೆಗೆ ತಂಗಿಯ ಹಾಳೆಯಲ್ಲಿ 'ಹೌದು, ತಾಯಿಗೆ' ಎಂದಿತ್ತು. ಹತ್ತು ನಿಮಿಷ ಬಿಟ್ಟು ತುಂಬಿದ ತನ್ನ ಹಾಳೆಯಲ್ಲಿ 'ಇಲ್ಲ'. ಇಷ್ಟು ವರ್ಷ ಆರೋಗ್ಯವಂತರ ಅರ್ಜಿಯಲ್ಲಿ ಆ ಜಾಗಕ್ಕೆ ಇಲ್ಲ ಎಂದು ಬರೆದು ಬರೆದು ಕೈಗೆ ಅದೇ ರೂಢಿಯಾಗಿತ್ತು.

"ನಾನೂ ನೋಡದೆ ಸಹಿ ಹಾಕಿದೀನಿ," ಎಂದರು ಮೇಡಂ. "ನಮ್ಮಿಬ್ಬರಿಗೂ ಬುದ್ಧಿ ಎಲ್ಲಿ ಹೋಗಿತ್ತೋ. ನಿಮಗೂ ಅವರೇ ತಾಯಿ ಅಲ್ವಾ!"

ಇನ್ನು ಮುಂದೆ ಬೇಡದ ಎಕ್ಸ್-ರೇ ತೆಗೆಸಿಕೊಳ್ಳಬಾರದು, ವರ್ಷಕ್ಕೊಮ್ಮೆ ತಪಾಸಣೆ, ಜೀನ್ ಪರೀಕ್ಷೆ, ಮುಂದೆ ಯಾವ ಡಾಕ್ಟರಿಗೇ ತೋರಿಸಲಿ ಇದನ್ನು ಮೊದಲು ಹೇಳಬೇಕು ಎಂದೆಲ್ಲ ಮೇಡಂ ಹೇಳಿದರು. ಅಕ್ಕ ಆಗಲಿ ಆಗಲಿ ಎಂದಳು. ನಂತರ ನಲವತ್ತೆಂಟನೆಯ ಗಂಟೆಯ ಗಾಜು ಬಂದಿತೇ ಎಂದು ಕೇಳಿ, ಅದನ್ನು ಹಿಡಿದು ಕತ್ತಲೆ ಕೋಣೆಗೆ ಹೋದಳು.

ತನ್ನದೇ ಕೋಶಗಳು. ಅಷ್ಟು ವರ್ಷ ಯಾರು ಯಾರದನ್ನೋ ನೋಡಿದವಳು ಮೊದಲ ಸಲ ತನ್ನ ಒಳಗನ್ನು ನೋಡಿದಳು. ಆರು ಇದ್ದಲ್ಲಿ ಈಗ ಎರಡು, ಮೂರು. ಉಳಿದವು ಎಲ್ಲಿವೆ ಎಂದು ಕಣ್ಣರಳಿಸಿ ನೋಡಿದಳು. ದಾರ ಅತಿ ಬಿಗಿಯಾಗಿ ಸುತ್ತಿಕೊಂಡಿರುವ ಕಡೆ, ಗಾಢ ನೀಲಿಯ ಗಂಟುಗಳ ಅಂಚಿನಲ್ಲಿ ಅವು ಕೂತಿದ್ದವು. ಅಂಥ ಕಡೆ ಒಳಗೆ ಕಡಿದರೆ ರಿಪೇರಿ ಮಾಡುವ ಪ್ರೊಟೀನುಗಳಿಗೆ ಜಾಗವಿರುವುದಿಲ್ಲ. ಮೊದಲು ಗಂಟನ್ನು ಸಡಿಲಿಸಬೇಕು, ಕಡಿದ ತುದಿಯನ್ನು ಅಂಚಿಗೆ ತರಬೇಕು, ಆಮೇಲೆ ಕೂಡಿಸಬೇಕು. ಅವಳ ಕೋಶಗಳಿಗೆ ಆ ಸಡಿಲಿಸುವ ಕೈಚಳಕವೇ ಕಡಿಮೆ. ಆದರೂ ಬಿಟ್ಟಿರಲಿಲ್ಲ. ನಲವತ್ತೆಂಟು ಗಂಟೆಯಾದರೂ ಬಿಟ್ಟಿರಲಿಲ್ಲ. ಐವತ್ತೆರಡು ವರ್ಷದಿಂದ, ಉಂಡಾಗ, ಮಲಗಿದಾಗ, ಜಗಳವಾಡಿದಾಗ, ಬಿಸಿಲಲ್ಲಿ ಬಸ್ಸಿಗೆ ಕಾದಾಗ, ಇವು ಹೀಗೆಯೇ ನಿಧಾನಕ್ಕೆ ಅವಳನ್ನು ಕೂಡಿಸಿಕೊಂಡು ಬಂದಿದ್ದವು. ಅವಳ ಮೈ ಜುಮ್ಮೆಂದಿತು. ಯಾರಿಗೆಂದು ತಿಳಿಯದೆ ಆ ಕತ್ತಲೆಯಲ್ಲಿ ಕೈ ಮುಗಿದಳು.

ಸೋಮವಾರ ತಂಗಿಗೆ ಮೊದಲ ಡೋಸ್. ಹಿಂದಿನ ದಿನವೇ ಅಕ್ಕ ಎಲ್ಲ ಹೇಳಿದ್ದಳು. ತಂಗಿ ತನ್ನದು ಕೇಳಿ ನಕ್ಕು, ಅಕ್ಕನದು ಕೇಳಿ ಅತ್ತು, ಇಬ್ಬರೂ ರಂಪ ಮಾಡಿಕೊಂಡು ಮುಗಿದಿತ್ತು. ಈಗ ಹೊರಗಿನ ಬೆಂಚಿನಲ್ಲಿ ಅಕ್ಕ ಒಬ್ಬಳೇ ಕೂತಿದ್ದಳು. ದಪ್ಪ ಬಾಗಿಲು ಮುಚ್ಚಿತು, ಮೇಲಿನ ಕೆಂಪು ದೀಪ ಹತ್ತಿತು. ಒಳಗೆ ಏನಾಗುತ್ತಿದೆಯೆಂದು ಆ ಕಾರಿಡಾರಿನಲ್ಲಿ ಅವಳಷ್ಟು ಬಲ್ಲವರು ಯಾರೂ ಇರಲಿಲ್ಲ. ಕ್ಯಾನ್ಸರ್ ಕೋಶದ ದಾರವೂ ಕಡಿಯುತ್ತಿತ್ತು, ಒಳ್ಳೆಯ ಕೋಶದ ದಾರವೂ ಕಡಿಯುತ್ತಿತ್ತು. ಕ್ಯಾನ್ಸರಿನದು ಅವಸರದ ಜಾತಿ, ನೆಟ್ಟಗೆ ಕೂಡಿಸಿಕೊಳ್ಳಲು ಬಾರದೆ ಸಾಯುತ್ತದೆ. ಒಳ್ಳೆಯವು ನಾಳೆ ಇಷ್ಟು ಹೊತ್ತಿಗೆ ಎಲ್ಲ ಸರಿಮಾಡಿಕೊಂಡು ಕೂತಿರುತ್ತವೆ. ಅದನ್ನು ಅವಳು ಕಣ್ಣಾರೆ ನೋಡಿದ್ದಳು.

ದೀಪ ಆರಿತು. ತಂಗಿ ಸೆರಗು ಸರಿಮಾಡಿಕೊಳ್ಳುತ್ತ ಹೊರಬಂದಳು.

"ಅಷ್ಟೇನಾ? ಏನೂ ಗೊತ್ತಾಗಲೇ ಇಲ್ಲ ಕಣಕ್ಕಾ. ಇದಕ್ಕೇ ನಾನು ಎರಡು ದಿನ ಊಟ ಬಿಟ್ಟಿದ್ದು?"

ಅಕ್ಕ ಎದ್ದು ಬಂದು ತಂಗಿಯ ಎದೆಯ ಎಡಭಾಗದ ಮೇಲೆ, ಬಟ್ಟೆಯ ಮೇಲಿಂದಲೇ, ಅಂಗೈಯನ್ನು ಹಗುರಾಗಿ ಇಟ್ಟಳು. ಕಾರಿಡಾರಿನಲ್ಲಿ ಜನ ಓಡಾಡುತ್ತಿದ್ದರು. ತಂಗಿಗೆ ನಾಚಿಕೆಯಾಯಿತು.

"ಏನಕ್ಕಾ ಇದು, ಎಲ್ಲರೂ ನೋಡ್ತಿದಾರೆ!"

"ನೋಡ್ಲಿ ಬಿಡು. ಒಳಗೆ ರಿಪೇರಿ ಶುರುವಾಗಿದೆ. ಒಂದು ನಿಮಿಷ ಸುಮ್ನೆ ನಿಂತ್ಕೋ."

ಎಂದೂ ಸುಮ್ಮನಿರದ ಆ ಕಂಡಕ್ಟರ್ ಸುಮ್ಮನೆ ನಿಂತಳು.