ಇಬ್ಬರು ಗಿಡ್ಡರು

ವಿದ್ಯುತ್ತಿಲ್ಲದೆ ನಾಲ್ಕು ದಿನ ಆರುನೂರು ಮೊಟ್ಟೆಗಳ ಜೀವ ಹಿಡಿದ ಕತೆಯನ್ನು ಕೋಳಿಯತ್ತೆ ನಲವತ್ತೊಂದು ವರ್ಷಗಳಿಂದ ಒಂದಕ್ಷರ ಆಚೀಚೆಯಾಗದಂತೆ ಹೇಳಿಕೊಂಡು ಬಂದಿದ್ದರು. ಬಿರುಗಾಳಿಗೆ ಬೀದಿಯ ಟ್ರಾನ್ಸ್‌ಫಾರ್ಮರು ಸುಟ್ಟುಹೋದದ್ದು. ಕಾವುಪೆಟ್ಟಿಗೆಯ ತಳದಲ್ಲಿ ಬಿಸಿನೀರಿನ ಡಬ್ಬಗಳನ್ನು ಸಾಲಾಗಿಟ್ಟು ಮೇಲೆ ಕಂಬಳಿ ಹೊದಿಸಿದ್ದು. ಕೂಸಿನ ಜ್ವರ ನೋಡುವಂತೆ ಗಳಿಗೆಗೊಮ್ಮೆ ಥರ್ಮಾಮೀಟರು ನೋಡಿದ್ದು. ಪ್ರತಿ ಮೊಟ್ಟೆಯ ಒಂದು ಮಗ್ಗುಲಿಗೆ ಪೆನ್ಸಿಲಿನಲ್ಲಿ ಗುಣಾಕಾರದ ಗುರುತು, ಇನ್ನೊಂದು ಮಗ್ಗುಲಿಗೆ ಸೊನ್ನೆ ಬರೆದು, ಮೂರು ಗಂಟೆಗೊಮ್ಮೆ ಕೈಯಾರೆ ಹೊರಳಿಸಿದ್ದು. ಕಡೆಗೆ ನಾನೂರ ಹನ್ನೊಂದು ಮರಿಗಳು ಚಿಪ್ಪೊಡೆದು ಬಂದು ಕೋಣೆಯ ತುಂಬ ಚಿಲಿಪಿಲಿಗುಟ್ಟಿದ್ದು. ಪೆನ್ಸಿಲಿನ ಮಾತು ಬಂದಾಗ ಅತ್ತೆ ತುಸು ನಿಲ್ಲುತ್ತಿದ್ದರು. ಕೇಳುವವರು ಮೆಚ್ಚಿ ತಲೆದೂಗಲೆಂದೇ ಬಿಟ್ಟ ಜಾಗ ಅದು. ಎಲ್ಲರೂ ತಲೆದೂಗುತ್ತಿದ್ದರು ಕೂಡ.

ಅದೇ ಜಾಗದಲ್ಲಿ ಅತ್ತೆ ಒಂದು ತುಣುಕನ್ನು ಯಾರಿಗೂ ಹೇಳದೆ ನುಂಗಿಕೊಳ್ಳುತ್ತಿದ್ದರು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಆ ನಾನೂರ ಹನ್ನೊಂದರ ವಂಶವೇ ಬೂದುಚುಕ್ಕೆಯ, ಕಾಲಿಗೆ ಗರಿಯಿರುವ, ಸಿಟ್ಟು ಮೂಗಿನ ತುದಿಯಲ್ಲಿರುವ ಅವರ ಕೋಳಿಗಳು. ಕಳೆದ ತಿಂಗಳು ಬಂದ ರೋಗ ಗೂಡುಗಳನ್ನೆಲ್ಲ ಬರಿದು ಮಾಡಿ ಹೋಗಿತ್ತು. ಅದಕ್ಕೆ ಮೊದಲೇ ತೆಗೆದಿರಿಸಿದ್ದ ಮುನ್ನೂರ ಹನ್ನೆರಡು ಮೊಟ್ಟೆಗಳಷ್ಟೇ ಉಳಿದು, ಈಗ ಕಾವುಪೆಟ್ಟಿಗೆಯಲ್ಲಿದ್ದವು. ಅವು ಕೆಟ್ಟರೆ ಆ ತಳಿ ಅಲ್ಲಿಗೆ ಮುಗಿಯಿತು.

ಹನ್ನೊಂದನೆಯ ದಿನ ಬೆಳಿಗ್ಗೆ ಪೆಟ್ಟಿಗೆಯಿಂದ ಸುಟ್ಟ ವಾಸನೆ ಬಂತು. ಕಾವನ್ನು ಹದದಲ್ಲಿಡುವ, ಗಂಟೆಗೊಮ್ಮೆ ತಟ್ಟೆಗಳನ್ನು ಓರೆ ಮಾಡುವ ಇಸ್ಪೀಟು ಕಟ್ಟಿನಷ್ಟು ಚಿಕ್ಕ ಬೋರ್ಡು ಸತ್ತುಹೋಗಿತ್ತು. ಏಳು ವರ್ಷದ ಹಿಂದೆ ಅದನ್ನು ಕೂರಿಸಿದವಳು ಅತ್ತೆಯ ತಮ್ಮನ ಮಗಳು. ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುವ ಕೆಲಸ ಅವಳದು. ಜೇಬಿನಲ್ಲಿ ಯಾವಾಗಲೂ ತುಂಡು ವೈರುಗಳಿರುತ್ತಿದ್ದುದರಿಂದ ಅತ್ತೆ ಅವಳನ್ನು ತಂತಿ ಎಂದು ಕರೆಯುತ್ತಿದ್ದರು. ಸುದ್ದಿ ಮುಟ್ಟಿದೊಡನೆ ತಂತಿ ರಜೆ ಹಾಕಿ, ದಾರಿಯಲ್ಲೇ ಹೊಸ ಬೋರ್ಡು ಕೊಂಡು ಬಂದಳು.

"ಹಳೇ ಮಾಡೆಲ್ ಈಗ ಸಿಗಲ್ವಂತೆ ಅತ್ತೆ. ಇದು ಹೊಸದು. ಮೂರು ಪಟ್ಟು ಚುರುಕು."

"ಚುರುಕಾಗಿದ್ರೆ ಏನು ಬಂತು? ಹೇಳಿದ ಮಾತು ಕೇಳಬೇಕಲ್ಲ," ಎಂದರು ಅತ್ತೆ. ಅವರ ಒಂದು ಕೈ ಹೀಟರಿನ ಸ್ವಿಚ್ಚಿನ ಮೇಲಿತ್ತು, ಕಣ್ಣು ಥರ್ಮಾಮೀಟರಿನ ಮೇಲೆ. ಮೂವತ್ತೇಳೂವರೆಗೆ ಬಂದರೆ ಆರಿಸಬೇಕು, ಇಳಿದರೆ ಹಾಕಬೇಕು.

ಹೊಸ ಬೋರ್ಡು ಹೇಳಿದ ಮಾತು ಕೇಳಲಿಲ್ಲ. ಹಳೆಯ ಪ್ರೋಗ್ರಾಮು ಹಾಕಿ ಓಡಿಸಿದರೆ ಲ್ಯಾಪ್‌ಟಾಪಿನ ಪರದೆಯ ಮೇಲೆ ಒಂದೇ ಸಾಲಿನ ತಕರಾರು ಮೂಡಿ ಎಲ್ಲವೂ ನಿಂತುಬಿಡುತ್ತಿತ್ತು. ತಂತಿ ಸಿಡಿಮಿಡಿಗೊಳ್ಳಲಿಲ್ಲ. ಮೋಟಾರಿನ ವೈರನ್ನು ಬಿಚ್ಚಿ ಪಕ್ಕಕ್ಕಿಟ್ಟಳು. ಅದರ ಬದಲಿಗೆ ಸಾಸಿವೆ ಕಾಳಿಗಿಂತ ತುಸು ದೊಡ್ಡದಾದ ಒಂದು ಕೆಂಪು ದೀಪವನ್ನು ಬೋರ್ಡಿನ ಅಂಚಿನ ಪಿನ್ನಿಗೆ ಜೋಡಿಸಿದಳು. ಮೊದಲು ದೀಪ ಹತ್ತಲಿ, ಆಮೇಲೆ ಮೋಟಾರಿನ ಯೋಚನೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಏನಾಯಿತೆಂದು ಹಳೆಯ ಲಕೋಟೆಯ ಹಿಂಬದಿಯಲ್ಲಿ ಬರೆದಿಟ್ಟುಕೊಂಡು, ಮುಂದಿನದಕ್ಕೆ ಕೈ ಹಾಕುತ್ತಿದ್ದಳು. ಅತ್ತೆಗೆ ಅವಳು ಮಾಡುವುದರಲ್ಲಿ ಕಾಲು ಭಾಗವೂ ತಿಳಿಯದು. ಆದರೆ ಮಾಡುವ ರೀತಿ ಚೆನ್ನಾಗಿ ತಿಳಿಯಿತು. ಮೊಟ್ಟೆಯನ್ನು ದೀಪಕ್ಕೆ ಹಿಡಿದು ಒಳಗಿನ ನರ ನೋಡುವವಳಿಗೆ ಇರಬೇಕಾದ ಕೈ ಅದು. ತಮ್ಮ ಮನೆತನದಲ್ಲಿ ಅಂಥ ಕೈ ತಮ್ಮೊಂದಿಗೇ ಮುಗಿಯಿತೆಂದು ಅವರು ಎಣಿಸಿದ್ದರು.

"ಏನಂತೆ ಅದರ ತಕರಾರು?"

"ಹಳೇ ಬೋರ್ಡಲ್ಲಿ ಪಿನ್ನುಗಳೆಲ್ಲ ನೇರವಾಗಿ ದೊಡ್ಡ ಚಿಪ್ಪಿಗೇ ಸೇರ್ತಿದ್ವು ಅತ್ತೆ."

"ಯಾವ ಚಿಪ್ಪು? ಮೊಟ್ಟೆದಾ?"

"ನಿಮಗೆ ಜಗತ್ತಿನಲ್ಲಿ ಒಂದೇ ಚಿಪ್ಪು. ಇದು ಬೋರ್ಡಿನ ಚಿಪ್ಪು, ಅದರ ಮಿದುಳು." ತಂತಿ ನಕ್ಕಳು. "ನಾನು ಬರೆದ ಪ್ರೋಗ್ರಾಮಿನ ಮಾತನ್ನ ಪಿನ್ನಿಗೆ ಮುಟ್ಟಿಸೋಕೆ ನಡುವೆ ಒಬ್ಬ ಆಳಿದ್ದಾನೆ ಅಂತ ಇಟ್ಕೊಳ್ಳಿ. ಅವನಿಗೆ ಲೈಬ್ರರಿ ಅಂತಾರೆ. ಹಳೇ ಆಳು ಕದ ತಟ್ಟೋ ಪೈಕಿ ಅಲ್ಲ. ಇಂಥ ಕೋಣೆ, ಇಂಥ ಗೂಡು ಅಂತ ಗೊತ್ತು, ಸೀದಾ ನುಗ್ಗಿ ಕೈ ಹಾಕೋನು. ಹೊಸ ಬೋರ್ಡಲ್ಲಿ ಪಿನ್ನುಗಳ ಉಸ್ತುವಾರಿ ಬೇರೆ ಚಿಪ್ಪಿಗೆ ಹೋಗಿದೆ. ಇವನು ಹಳೇ ವಿಳಾಸಕ್ಕೆ ಹೋಗಿ ನಿಂತ್ಕೊಂಡು, ಮನೆ ಸಿಗ್ತಿಲ್ಲ ಅಂತಾನೆ."

"ಹಾಗಾದ್ರೆ ಆಳು ಬದಲಾಯಿಸು."

"ಬದಲಾಯಿಸಿದೀನಿ. ಹೊಸಬ ಮರ್ಯಾದಸ್ಥ, ಕದ ತಟ್ಟಿ ಕೇಳ್ಕೊಂಡೇ ಒಳಗೆ ಹೋಗೋನು. ನನ್ನ ಪ್ರೋಗ್ರಾಮಲ್ಲಿ ಒಂದಕ್ಷರ ತಿದ್ದಬೇಕಾಗಿಲ್ಲ, ಹಳಬನ ಹೆಸರಿಂದ ಕರೆದರೇ ಸಾಕು, ಬರ್ತಾನೆ. ಅದಕ್ಕಂತಲೇ ಮಾಡಿರೋದು. ಆದ್ರೂ ಅದೇ ತಕರಾರು, ಅದೇ ಸಾಲು."

ಹಳಬನ ಹೆಸರಿಂದ ಎಂಬ ಮಾತು ಅತ್ತೆಯ ಎದೆಯಲ್ಲಿ ಮುಳ್ಳಿನಂತೆ ಆಡಿತು. ಅವರು ಗಡಿಯಾರದತ್ತ ತಿರುಗಿದರು. ಆ ಹೊತ್ತಿಗೆ ಗಂಟೆಯೂ ಆಗಿತ್ತು.

"ಹೊರಳಿಸೋ ಹೊತ್ತಾಯ್ತು," ಎಂದು ಪೆಟ್ಟಿಗೆಯ ಬಾಗಿಲು ತೆಗೆದರು.

ಹದಿನೆಂಟನೆಯ ದಿನದವರೆಗೆ ಹೊರಳಿಸುತ್ತಲೇ ಇರಬೇಕು, ಇಲ್ಲದಿದ್ದರೆ ಮರಿ ಒಳಪೊರೆಗೆ ಅಂಟಿಕೊಂಡು ಸಾಯುತ್ತದೆ. ಮೋಟಾರಿನ ಹಲ್ಲುಗಾಲಿ ಬಿಗಿದು ನಿಂತಿದ್ದರಿಂದ ತಟ್ಟೆಗಳು ಕೈಗೆ ಬಗ್ಗುತ್ತಿರಲಿಲ್ಲ. ಮೊಟ್ಟೆಗಳನ್ನು ಒಂದೊಂದಾಗಿಯೇ ಹೊರಳಿಸಬೇಕಾಗಿತ್ತು. ಬೆಳಿಗ್ಗೆಯೇ ಎಲ್ಲಕ್ಕೂ ಪೆನ್ಸಿಲಿನ ಗುರುತು ಹಾಕಿಯಾಗಿತ್ತು. ಅಂದು ಅವರಿಗೆ ಇಪ್ಪತ್ತೊಂಬತ್ತು, ಇಂದು ಎಪ್ಪತ್ತು. ಬೆರಳ ಗಂಟುಗಳು ಊದಿಕೊಂಡು, ಲೋಟ ಹಿಡಿಯುವುದಕ್ಕೂ ಎರಡು ಕೈ ಬೇಕಾಗುತ್ತಿತ್ತು. ಮೂರನೆಯ ತಟ್ಟೆಯ ನಡುವಿಗೆ ಬರುವಷ್ಟರಲ್ಲಿ ಒಂದು ಮೊಟ್ಟೆ ಬೆರಳ ಸಂದಿನಿಂದ ಜಾರಿತು.

ಸದ್ದು ದೊಡ್ಡದೇನಲ್ಲ. ತಂತಿ ತಿರುಗಿ ನೋಡಿದಳು. ಅತ್ತೆ ನೆಲದತ್ತ ನೋಡಲಿಲ್ಲ. ಹನ್ನೊಂದು ದಿನದ ಮೊಟ್ಟೆಯೊಳಗೆ ಏನಿರುತ್ತದೆಂದು ಅವರು ನೋಡಿ ತಿಳಿಯಬೇಕಾಗಿರಲಿಲ್ಲ.

"ಮುನ್ನೂರ ಹನ್ನೊಂದು," ಎಂದರು. ಉಳಿದ ಮೊಟ್ಟೆಗಳನ್ನು ಮೊದಲಿಗಿಂತ ನಿಧಾನವಾಗಿ ಹೊರಳಿಸಿ, ಬಾಗಿಲು ಮುಚ್ಚಿ, ಸ್ಟೂಲಿನ ಮೇಲೆ ಕುಳಿತರು. ನೆಲ ಒರೆಸುತ್ತಿದ್ದ ತಂತಿಯ ಬೆನ್ನಿಗೆ ಕೇಳಿದರು:

"ಹೊಸಬ ಬಂದ ಅಂದ್ಯಲ್ಲ. ಹಳಬನನ್ನ ಕಳಿಸಿದ್ಯಾ?"

"ಇಲ್ಲ. ಸಿಸ್ಟಮ್ ಜೊತೆಗೇ ಬಂದೋನು ಅವನು. ಮೂಲೇಲಿ ಬಿದ್ದಿರ್ಲಿ, ನಮಗೇನು ಅಂತ ಬಿಟ್ಟೆ."

"ಇಬ್ಬರಿಗೂ ಹೆಸರು ಒಂದೇ."

"ಹೂಂ, ಒಂದೇ."

ಅತ್ತೆ ಸೀರೆಯ ಸೆರಗಿನಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು. "ನನ್ನ ಹತ್ರಾನೂ ಇಬ್ಬರಿದ್ರು ಕಣೇ. ಆ ನಾಲ್ಕು ದಿನ."

"ಯಾರು? ನಿಮ್ಮ ಕತೇಲಿ ನೀವೊಬ್ಬರೇ ಅಲ್ವಾ?"

"ಕತೇಲಿ ಒಬ್ಬಳೇ. ಕೆಲಸಕ್ಕೆ ಇಬ್ಬರಿದ್ರು. ಒಬ್ಬ ಮೊಟ್ಟೆ ಕಟ್ಟೋನು, ನಿಜವಾಗ್ಲೂ ಗಿಡ್ಡ, ಗಿಡ್ಡ ಅಂತ ಕರೀತಿದ್ದೆ. ಇನ್ನೊಬ್ಬ ಗಾಡಿ ಹೊಡೆಯೋನು, ಬಾಗಿಲಿಗೆ ತಲೆ ತಾಗಿಸ್ಕೊಂಡೇ ಒಳಗೆ ಬರ್ತಿದ್ದ. ಅವನನ್ನೂ ತಮಾಷೆಗೆ ಗಿಡ್ಡ ಅಂತಾನೇ ಕರೀತಿದ್ದೆ. ಹೆಸರಿಡೋದರಲ್ಲಿ ನನ್ನಷ್ಟು ಜಾಣೆ ಯಾರಿದ್ದಾರೆ."

ತಂತಿ ಬಟ್ಟೆ ಹಿಡಿದುಕೊಂಡೇ ನೆಲದ ಮೇಲೆ ಕುಳಿತಳು.

"ನಾನು ಹಿತ್ತಲಲ್ಲಿ ನೀರು ಕಾಯಿಸ್ತಾ, ಗಿಡ್ಡ, ಹೊರಳಿಸೋ ಅಂತ ಕೂಗ್ತಿದ್ದೆ. ಉದ್ದನೆಯೋನು ಹಿಂಬಾಗಿಲಿಂದ ಬಂದು ಅಷ್ಟೂ ಹೊರಳಿಸಿ ಹೋಗ್ತಿದ್ದ. ಗಿಡ್ಡನೆಯೋನು ಮುಂಬಾಗಿಲಿಂದ ಬಂದು ಅಷ್ಟನ್ನೂ ಮತ್ತೆ ಹೊರಳಿಸ್ತಿದ್ದ. ಪಾಪ, ಇಬ್ಬರೂ ಕೆಲಸಗಳ್ಳರಲ್ಲ."

"ಅಂದ್ರೆ ಮೊಟ್ಟೆಗಳು…"

"ಇದ್ದಲ್ಲೇ ಇದ್ವು. ಒಂದೂವರೆ ದಿನ. ಒಂದು ಮೊಟ್ಟೆ ಮೇಲೆ ಮಸಿ ಕಲೆ ಇತ್ತು. ಯಾವಾಗ ನೋಡಿದ್ರೂ ಅದು ನನ್ನನ್ನೇ ನೋಡ್ತಿದೆಯಲ್ಲ ಅಂತ ಆಗ ಹೊಳೀತು. ಆಮೇಲೆ ಬಂದದ್ದು ಪೆನ್ಸಿಲು." ಅತ್ತೆಯ ಧ್ವನಿ ತಗ್ಗಿತು. "ನೂರಾ ಎಂಬತ್ತೊಂಬತ್ತು ಮೊಟ್ಟೆ ಮರಿಯಾಗ್ಲಿಲ್ಲ. ಅದರಲ್ಲಿ ಎಷ್ಟು ಚಳಿಗೆ ಹೋದ್ವೋ, ಎಷ್ಟು ನನ್ನ ತಮಾಷೆಗೆ ಹೋದ್ವೋ. ನಿನ್ನ ಪೆಟ್ಟಿಗೇಲಿ ಕೂಗಿದಾಗ ಓ ಅಂತಿರೋನು ಯಾವ ಗಿಡ್ಡ ಅಂತ ನೋಡು."

ತಂತಿ ಲ್ಯಾಪ್‌ಟಾಪಿನ ಮುಂದೆ ಹೋಗಿ ಕುಳಿತಳು. ಆ ಹೆಸರಿಗೆ ಓಗೊಡುವವನು ಯಾವ ಕಡತದಿಂದ ಬರುತ್ತಾನೆಂದು ಬೋರ್ಡನ್ನೇ ಕೇಳಿದಳು. ಉತ್ತರ ಬಂತು. ಅವಳು ಅದನ್ನು ಎರಡು ಸಲ ಓದಿ, ತನ್ನ ಹಣೆಯನ್ನು ತಾನೇ ಮೆಲ್ಲಗೆ ತಟ್ಟಿಕೊಂಡಳು.

"ಹಳಬನೇ ಅತ್ತೆ. ಬಾಗಿಲಲ್ಲೇ ನಿಂತಿದಾನೆ. ಹೊಸಬನವರೆಗೆ ಕೂಗೇ ಮುಟ್ಟಿಲ್ಲ. ಬೆಳಿಗ್ಗೆಯಿಂದ ಲೈಬ್ರರಿ ಸರಿಯಿಲ್ಲ ಅಂತ ಬೈದದ್ದೇ ಬೈದದ್ದು."

ಹಳೆಯದನ್ನು ಬೇರುಸಹಿತ ತೆಗೆದುಹಾಕಿದಳು. ಹೊಸದನ್ನು ಮತ್ತೊಮ್ಮೆ ಶುದ್ಧವಾಗಿ ಕೂರಿಸಿದಳು. ಹೆಸರು ಕೇಳಿ, ಈ ಸಲ ಬೇರೆ ಉತ್ತರ ಬಂದದ್ದನ್ನು ಲಕೋಟೆಯ ಹಿಂದೆ ಬರೆದುಕೊಂಡ ಮೇಲೆಯೇ ಪ್ರೋಗ್ರಾಮನ್ನು ಓಡಿಸಿದಳು. ಕೆಂಪು ದೀಪ ಹತ್ತಿತು, ಆರಿತು, ಹತ್ತಿತು. ಅಷ್ಟಕ್ಕೇ ಅವಳು ಹಿಗ್ಗಲಿಲ್ಲ. ಹತ್ತು ಸಲ ಹತ್ತಿ ಆರುವುದನ್ನು ಎಣಿಸಿ ನೋಡಿದಳು. ಆಮೇಲೆ ಹೀಟರು ಸೇರಿಸಿದಳು, ಕಡೆಗೆ ಮೋಟಾರು.

ಒಳಗೆ ಏನೋ ಗುರ್ರೆಂದಿತು. ಮುನ್ನೂರ ಹನ್ನೊಂದು ಮೊಟ್ಟೆಗಳು ಒಟ್ಟಿಗೆ, ಯಾರೋ ಮಗ್ಗುಲು ಬದಲಿಸಿದಂತೆ, ನಿಧಾನವಾಗಿ ಎಡಕ್ಕೆ ವಾಲಿದವು. ಅತ್ತೆ ಗಾಜಿಗೆ ಮುಖವಿಟ್ಟು ಪೆನ್ಸಿಲಿನ ಗುರುತುಗಳು ಸರಿಯುವುದನ್ನು ನೋಡಿದರು. ಆಮೇಲೆ ಗಾಜಿನಲ್ಲಿ ಕಾಣುತ್ತಿದ್ದ ತಂತಿಯ ಮುಖವನ್ನೂ ನೋಡಿದರು. ಇವಳ ವಯಸ್ಸಿನಲ್ಲಿ ತಾನು ತಪ್ಪನ್ನು ಕಂಡುಹಿಡಿದಿದ್ದೇನೋ ನಿಜ. ಆದರೆ ತಪ್ಪು ತನ್ನದೆಂದು ಇವಳಷ್ಟು ಹಗುರವಾಗಿ ಹಣೆ ತಟ್ಟಿಕೊಂಡು ಹೇಳಲು ತನಗೆ ನಲವತ್ತೊಂದು ವರ್ಷ ಬೇಕಾಯಿತು.

"ಗಟ್ಟಿ ಕೈ ಕಣೇ ನಿಂದು," ಎಂದರು. ಅತ್ತೆಯ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಅದು ತಂತಿಗೆ ಗೊತ್ತಿತ್ತು.

"ಕೈ ನಂದೇ. ಕಿವಿ ನಿಮ್ಮದು."

ಹೀಟರಿನ ಸ್ವಿಚ್ಚು ತಾನೇ ತಾನಾಗಿ ಟಿಕ್ ಎಂದಿತು. ಬೆಳಗಿನಿಂದ ಮೊದಲ ಬಾರಿಗೆ ಅತ್ತೆಯ ಎರಡು ಕೈಗಳಿಗೂ ಮಾಡಲು ಏನೂ ಕೆಲಸವಿರಲಿಲ್ಲ. ಅವುಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡರು. ತಂತಿ ಸ್ಟೂಲಿನ ಪಕ್ಕದಲ್ಲಿ ನೆಲದ ಮೇಲೆಯೇ ಕಾಲು ಚಾಚಿ, ಗೋಡೆಗೆ ಒರಗಿದಳು.

"ಅತ್ತೆ, ಆ ಕತೆ ಇನ್ನೊಂದ್ಸಲ ಹೇಳಿ," ಎಂದಳು. "ಟ್ರಾನ್ಸ್‌ಫಾರ್ಮರು ಸುಟ್ಟಲ್ಲಿಂದ. ಈ ಸಲ ಇಬ್ಬರು ಗಿಡ್ಡರನ್ನೂ ಕರ್ಕೊಂಡು ಬನ್ನಿ."