ಏಳನೇ ಸಾಲಿನ ಮಣ್ಣು

ಔಷಧಿ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ವೈದ್ಯರ ಚೀಟಿ ಓದಿ ಪಳಗಿದವಳು ಅವಳು. ಕಾಗೆ ಕಾಲು, ಗುಬ್ಬಿ ಕಾಲು, ಯಾವ ಅಕ್ಷರವಿದ್ದರೂ ಒಂದೇ ನೋಟಕ್ಕೆ ಬಿಡಿಸುತ್ತಿದ್ದಳು. ಅಂಥವಳಿಗೂ ಹಳೆಯ ಹುಚ್ಚಾಸ್ಪತ್ರೆಯ ಸಾವಿನ ದಫ್ತರ ನಾಲ್ಕು ದಿನದಿಂದ ನೀರು ಕುಡಿಸುತ್ತಿತ್ತು. ತೊಡಕು ಅಕ್ಷರದ್ದಲ್ಲ. ಅಜ್ಜಿಯ ಹೆಸರೇ ಅದರಲ್ಲಿರಲಿಲ್ಲ.

ಅಜ್ಜಿ ಎಂದರೆ ಅಪ್ಪನ ತಾಯಿ. ಅಪ್ಪನಿಗೆ ಆರು ವರ್ಷವಿದ್ದಾಗ ಆಕೆಯನ್ನು ಅಲ್ಲಿಗೆ ಸೇರಿಸಿ, ಮಗುವಿಗೆ "ಅಮ್ಮ ತವರಿಗೆ ಹೋಗಿದ್ದಾಳೆ" ಎಂದಿದ್ದರು. ತವರಿಗೆ ಹೋದವಳು ಬರಲೇ ಇಲ್ಲ. ನಿಜ ಗೊತ್ತಾಗುವ ಹೊತ್ತಿಗೆ ಅಪ್ಪನಿಗೆ ಮೀಸೆ ಮೂಡಿತ್ತು. ಕೇಳಿದರೆ ತಾತ ಊಟದ ಮಧ್ಯೆ ಎದ್ದು ಹೋಗುತ್ತಿದ್ದರು. ಈಗ, ಅರವತ್ತೆಂಟರಲ್ಲಿ, ಪತ್ರಿಕೆಯ ಮೂಲೆಯಲ್ಲಿ ಬೆರಳಗಲದ ಪ್ರಕಟಣೆ ಅಪ್ಪನ ಕಣ್ಣಿಗೆ ಬಿದ್ದಿತ್ತು. ಆಸ್ಪತ್ರೆಯ ಹಿಂದಿನ ಹೂಳುವ ಜಾಗ ತೆರವಾಗಲಿದೆ. ಸಂಬಂಧಿಕರು ದಾಖಲೆಯೊಂದಿಗೆ ಬಂದರೆ ಅಸ್ಥಿ ಕೊಡುತ್ತಾರೆ. ಉಳಿದದ್ದೆಲ್ಲ ಒಂದೇ ಗುಂಡಿಗೆ. ಗಡುವಿಗೆ ಉಳಿದದ್ದು ಆರೇ ದಿನ.

"ಮಗಳೇ, ಅಮ್ಮನ ಮುಖ ನನಗೆ ನೆನಪಿಲ್ಲ. ಜಾಗನಾದ್ರೂ ನೋಡ್ಬೇಕು," ಎಂದಿದ್ದರು ಅಪ್ಪ.

ದಾಖಲೆ ಕೋಣೆಯ ಗುಮಾಸ್ತ ಕೆಟ್ಟವನೇನಲ್ಲ. "ಮೇಡಂ, ಅಲ್ಲಿ ಕಲ್ಲಿನ ಮೇಲೆ ಬರೀ ನಂಬರು. ಹೆಸರು ಸಿಕ್ರೆ ನಂಬರು, ನಂಬರು ಸಿಕ್ರೆ ಜಾಗ. ಬುಡವೇ ಇಲ್ದೆ ನಾನೇನು ಮಾಡ್ಲಿ ಹೇಳಿ," ಎಂದು ಐದನೇ ಸಂಜೆ ಕೋಣೆಗೆ ಬೀಗ ಹಾಕಿದ.

ಅಲ್ಲಿಂದ ಅವಳು ನೇರ ಅತ್ತೆಯ ಮನೆಗೆ ಹೋದಳು. ಅತ್ತೆ ಅಪ್ಪನ ಅಕ್ಕ, ಆರು ವರ್ಷ ದೊಡ್ಡವರು. ಅಜ್ಜಿಯ ಮಾತೆತ್ತಿದರೆ ಇಷ್ಟು ವರ್ಷವೂ ಕಲ್ಲಿನ ಹಾಗೆ ಕೂತುಬಿಡುತ್ತಿದ್ದರು. ಅವತ್ತು ದಿಂಬಿನ ಚೀಲಕ್ಕೆ ಇಸ್ತ್ರಿ ಹಾಕುತ್ತಿದ್ದರು.

"ಅತ್ತೆ, ಅಜ್ಜಿಗೆ ಬೇರೆ ಹೆಸರೇನಾದ್ರೂ ಇತ್ತಾ?"

"ಸತ್ತವರನ್ನ ಯಾಕೆ ಕೆದಕ್ತೀಯೇ?"

"ಕೆದಕೋದು ನಾನಲ್ಲ ಅತ್ತೆ. ನಾಡಿದ್ದು ಯಂತ್ರ ಕೆದಕುತ್ತೆ."

ಅತ್ತೆಯ ಕೈ ನಿಂತಿತು. ಬಟ್ಟೆ ಸುಟ್ಟ ವಾಸನೆ ಬಂದ ಮೇಲೆಯೇ ಇಸ್ತ್ರಿಪೆಟ್ಟಿಗೆ ಎತ್ತಿಟ್ಟರು. ಮಂಚದ ಅಂಚಿಗೆ ಕೂತು, ಗೋಡೆಗೆ ಹೇಳುವಂತೆ ಹೇಳಿದರು:

"ಅಮ್ಮನ್ನ ಸೇರಿಸೋಕೆ ಅಪ್ಪ ನನ್ನೂ ಕರ್ಕೊಂಡು ಹೋಗಿದ್ರು. ಹನ್ನೆರಡು ವರ್ಷ ನಂಗೆ. ಮೇಜಿನ ಹಿಂದೆ ಕೂತಿದ್ದೋನು ಹೆಸರು ಕೇಳಿದ. ನಿಜ ಹೆಸರು ಹೇಳಿದ್ರೆ ಮನೆತನದ ಮಾನ ಹೋಗುತ್ತೆ ಅಂತ ಅಪ್ಪ ತಡಬಡಾಯಿಸಿದ್ರು. ಪಕ್ಕದಲ್ಲಿ ನಾನಿದ್ದೆ. ಅವರ ಬಾಯಿಗೆ ಬಂದಿದ್ದು ನನ್ನ ಹೆಸರು."

"ಅಜ್ಜಿ ಸುಮ್ನಿದ್ರಾ?"

"ಸುಮ್ನಿರ್ತಾಳಾ? ಅದು ನಾನಲ್ಲ, ಅದು ನನ್ನ ಮಗಳು ಅಂತ ಬಡ್ಕೊಂಡ್ಲು. ಪಾಪ, ತನ್ನ ಹೆಸರೇ ಮರೆತಿದೆ ಅಂದ್ಕೊಂಡು ಆ ಮನುಷ್ಯ ಹುಚ್ಚು ಅಂತ ಬರ್ಕೊಂಡ. ನನ್ನ ಕಡೆ ತಿರುಗಿ, ನೀನಾದ್ರೂ ಹೇಳೇ ಅಂದ್ಲು ಅಮ್ಮ. ಅಪ್ಪ ನನ್ನ ಕೈ ಹಿಂಡ್ತಾ ಇದ್ರು. ನಾನು ಹೇಳ್ಲಿಲ್ಲ."

ಮೂರು ವರ್ಷಕ್ಕೆ ಆಸ್ಪತ್ರೆಯಿಂದ ಒಂದು ಕಾರ್ಡು ಬಂದಿತಂತೆ. ಅದರಲ್ಲಿ ಸತ್ತವಳು ಅತ್ತೆಯೇ. ತಾತ ಅದನ್ನು ಒಲೆಗೆ ಹಾಕಿದರು.

ಅವಳಿಗೆ ಅತ್ತೆಯನ್ನು ತಬ್ಬಿಕೊಳ್ಳಬೇಕೋ, ಬಯ್ಯಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡದೆ ಎದ್ದು ಬಂದಳು.

ಮರುದಿನ ಗಡುವಿನ ಕೊನೆಯ ದಿನ. ಕೋಣೆ ತೆರೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದಳು. ಆ ಹೆಸರು ಈ ಐದು ದಿನದಲ್ಲಿ ಎರಡು ಸಲ ಬೆರಳಡಿ ದಾಟಿ ಹೋಗಿತ್ತು. 'ಅತ್ತೆಯ ಹೆಸರಿನವಳು' ಎಂದು ಅವಳೇ ಪುಟ ತಿರುವಿದ್ದಳು. ನಂಬರು ಇನ್ನೂರ ಹದಿನೆಂಟು, ಏಳನೇ ಸಾಲು. ಗುಮಾಸ್ತ ಅಸ್ಥಿಯ ಚೀಟಿಗೆ ಮೊಹರು ಒತ್ತಿ, ತಲೆ ಎತ್ತದೆಯೇ, "ಬೇಗ ಹೋಗಿ ಮೇಡಂ. ಗುತ್ತಿಗೆಯವರು ನಿನ್ನೆನೇ ಕೆಲಸ ಶುರು ಮಾಡಿದ್ದಾರಂತೆ," ಎಂದ.

ಅಪ್ಪನನ್ನೂ ಅತ್ತೆಯನ್ನೂ ಬಾಡಿಗೆ ಕಾರಿಗೆ ಹತ್ತಿಸಿಕೊಂಡು ಎದ್ದೆವೋ ಬಿದ್ದೆವೋ ಎಂದು ಹೋದಳು. ಕಾರಿನಲ್ಲೇ ಅಪ್ಪನಿಗೆ ಎಲ್ಲ ಹೇಳಿದ್ದಾಯಿತು. ಅವರು ಕಿಟಕಿಯಿಂದ ಮುಖ ತೆಗೆಯಲಿಲ್ಲ.

ಗೇಟಿನೊಳಗೆ ನೆಲ ಅಂಗೈಯಷ್ಟು ಸಪಾಟಾಗಿತ್ತು. ನಂಬರಿನ ಕಲ್ಲುಗಳು ಗೋಡೆಯ ಬುಡದಲ್ಲಿ ರಾಶಿ ಬಿದ್ದಿದ್ದವು. ಅವಳು ರಾಶಿಗೆ ಕೈ ಹಾಕಿ ಒಂದೊಂದನ್ನೇ ಎಳೆದು ನೋಡಿದಳು. ಇನ್ನೂರ ಹದಿನೇಳು ಸಿಕ್ಕಿತು, ಇನ್ನೂರ ಇಪ್ಪತ್ತೊಂದು ಸಿಕ್ಕಿತು. ಉಗುರು ಕಿತ್ತು ರಕ್ತ ಬಂದರೂ ಬಿಡಲಿಲ್ಲ. ಯಂತ್ರದವನು ಕೆಳಗಿಳಿದು ಬಂದ.

"ಬಿಡಿ ಅಕ್ಕ, ಕಲ್ಲು ಸಿಕ್ಕಿ ಏನು ಮಾಡ್ತೀರಿ? ಹತ್ತು ಸಾಲು ನಿನ್ನೆನೇ ಮುಗೀತು. ಎಲ್ಲಾ ಆ ಗುಂಡೀಲಿ. ಯಾರೂ ಬರಲ್ಲ ಅಂತ ನಮಗೆ ಹೇಳಿದ್ರು."

ಅಪ್ಪ ಹತ್ತಿರ ಬಂದು ಕೇಳಿದರು: "ಎಲ್ಲಿ?"

ಯಾವುದಾದರೂ ಒಂದು ಕಡೆ ಬೆರಳು ತೋರಿಸಿಬಿಡೋಣ ಎಂದು ಅವಳಿಗೆ ಅನ್ನಿಸಿತು. ಕೈ ಏಳಲಿಲ್ಲ. "ಎಲ್ಲರ ಜೊತೆ, ಅಪ್ಪ."

ಅಪ್ಪ ಅಲ್ಲೇ ಹಸಿಮಣ್ಣಿನ ಮೇಲೆ ಕುಸಿದು ಕೂತರು. "ಅಕ್ಕಾ, ಒಂದೇ ಒಂದು ದಿನ ಮುಂಚೆ ಬಾಯಿ ಬಿಡಬಾರದಿತ್ತಾ?" ಎಂದರು. ಅವರು ಅಕ್ಕನ ಜೊತೆ ಆಡಿದ ಕೊನೆಯ ಮಾತು ಅದು.

ದಫ್ತರದಲ್ಲಿ ಹೆಸರನ್ನಾದರೂ ತಿದ್ದಿ ಎಂದು ಅವಳು ಅರ್ಜಿ ಕೊಟ್ಟಳು. ಆಧಾರ ಸಾಲದು ಎಂದು ಮೂರು ತಿಂಗಳಿಗೆ ಉತ್ತರ ಬಂತು. ಅತ್ತೆ ಅದನ್ನು ಓದಿದವರೇ ಚಪ್ಪಲಿ ಮೆಟ್ಟಿ ಕಚೇರಿಗೆ ಹೊರಟರು. ಗುಮಾಸ್ತನ ಮೇಜಿನ ಮುಂದೆ ತಮ್ಮ ಗುರುತಿನ ಚೀಟಿ ಇಟ್ಟು, "ನೋಡಪ್ಪಾ, ಸತ್ತೋಳು ನಾನಲ್ಲ. ನಮ್ಮಮ್ಮ. ಅವಳ ಹೆಸರು ಬರ್ಕೋ," ಎಂದರು. ಅವನು ಸಾಹೇಬರು ಬರಲಿ ಎಂದ. ಮುಂದಿನ ವಾರವೂ ಅದನ್ನೇ ಅಂದ.

ಅತ್ತೆ ಈಗಲೂ ಪ್ರತಿ ಸೋಮವಾರ ಹೋಗುತ್ತಾರೆ. ಅಪ್ಪನೂ ಹೋಗುತ್ತಾರೆ. ಒಳಗೆ ಕಾಲಿಡುವುದಿಲ್ಲ, ಅಕ್ಕನ ಮುಖ ನೋಡುವುದಿಲ್ಲ. ಹೊರಗಿನ ಬೆಂಚಿನ ತುದಿಯಲ್ಲಿ ಕೂತು ಕಾಯುತ್ತಾರೆ.